ಇಪ್ಪತ್ತೇಳಕ್ಕೆ ವಾಲ್ಟ್ಸ್ ಹಿಡಿದರೆ ಅದೇ ಕಸುಬಾಗುತ್ತದಾ?

ಪ್ರಶ್ನೆ: ಸರ್, ನನಗೆ 27 ವರ್ಷ. ಊರು ಹಾಸನ, ಇಲ್ಲೇ ಒಂದು ಬ್ಯಾಂಕಿನಲ್ಲಿ ಕೆಲಸ. ಎಂಟನೇ ವಯಸ್ಸಿನಿಂದ ಹದಿನಾರರವರೆಗೆ ಭರತನಾಟ್ಯ ಕಲಿತೆ. ಜೂನಿಯರ್ ಪರೀಕ್ಷೆ ಆಗಿದೆ. ಆಮೇಲೆ ಪಿಯುಸಿ ಅಂತ ಬಿಟ್ಟೆ. ಈಗ ಎಂಟು ತಿಂಗಳಿಂದ ಪ್ರತಿ ಭಾನುವಾರ ಬೆಂಗಳೂರಿಗೆ ಹೋಗಿ ಬಾಲ್‌ರೂಂ ಡ್ಯಾನ್ಸ್, ಅಂದರೆ ಗಂಡು-ಹೆಣ್ಣು ಜೋಡಿಯಾಗಿ ಕುಣಿಯುವ ಪಾಶ್ಚಾತ್ಯ ನೃತ್ಯ, ಕಲಿಯುತ್ತಿದ್ದೇನೆ. ವಾಲ್ಟ್ಸ್, ಚಾ-ಚಾ-ಚಾ ಆಗಿದೆ, ಫಾಕ್ಸ್‌ಟ್ರಾಟ್ ಶುರುವಾಗಿದೆ. ಮೇಷ್ಟ್ರು 'ಇಷ್ಟು ಬೇಗ ಹಿಡಿದವರನ್ನು ನಾನು ನೋಡಿಲ್ಲ, ನೀವು ಚಿಕ್ಕಂದಿನಲ್ಲೇ ಬರಬೇಕಿತ್ತು' ಅನ್ನುತ್ತಾರೆ. ಕೆಲಸ ಬಿಟ್ಟು ಬೆಂಗಳೂರು ಸೇರಿ ಪ್ರೊಫೆಷನಲ್ ಆಗಬಹುದಾ, ಇಲ್ಲಾ ತಡವಾಯಿತಾ? ಅಮ್ಮನಿಗೆ ಇದು ಇಷ್ಟವಿಲ್ಲ. ಇನ್ನೊಂದು ಸಣ್ಣ ಪ್ರಶ್ನೆ: ಮನೆಯ ಟೈಲ್ಸ್ ಮೇಲೆ ಪ್ರಾಕ್ಟೀಸ್ ಮಾಡಬಹುದಾ?
(ಹೆಸರು ಬೇಡ, ಹಾಸನ)

ಉತ್ತರ: ನಿಮ್ಮ ಮೇಷ್ಟ್ರ ಮಾತಿನಲ್ಲಿ ಮೊದಲರ್ಧ ಕೇಳಿ ಖುಷಿಯಾಗಿದೆ, ಉಳಿದರ್ಧ ಕೇಳಿ ನಿದ್ದೆ ಕೆಟ್ಟಿದೆ, ಅಲ್ವಾ? ನನಗೂ 24ನೇ ವಯಸ್ಸಿನಲ್ಲಿ ಇದೇ ಮಾತು ಹೇಳಿದ್ದರು. ಆಗ ಚಿಕ್ಕಮಗಳೂರಿನಿಂದ ಬೆಂಗಳೂರಿಗೆ ಹೋಗಿ ಔಷಧಿ ಕಂಪನಿಯೊಂದರ ರೆಪ್ ಆಗಿದ್ದೆ. ಈಗ ಐವತ್ತು ದಾಟಿದೆ. ಇಷ್ಟು ವರ್ಷ ಡ್ಯಾನ್ಸೇ ಅನ್ನ ಹಾಕಿದೆ. ಆದರೆ ಹೇಳಿಕೊಳ್ಳುವಂಥ ಸ್ಪರ್ಧೆ ಒಂದನ್ನೂ ಗೆಲ್ಲಲಿಲ್ಲ. ಹಾಗಾಗಿ ನೀವು 'ಪ್ರೊಫೆಷನಲ್' ಅಂದಾಗ ಯಾವುದನ್ನು ಕೇಳುತ್ತಿದ್ದೀರಿ ಅಂತ ಮೊದಲು ಬಿಡಿಸಿಕೊಳ್ಳೋಣ. ಸ್ಪರ್ಧೆಯ ನೆಲದ ಮೇಲೆ ಹೆಸರು ಮಾಡುವುದು ಒಂದು. ಡ್ಯಾನ್ಸಿನಿಂದ ಮನೆ ನಡೆಸುವುದು ಇನ್ನೊಂದು. ಹೊರಗಿನವರಿಗೆ ಎರಡೂ ಒಂದೇ ಥರ ಕಾಣುತ್ತವೆ.

ಮೊದಲು ಸ್ಪರ್ಧೆ. ಇಂಗ್ಲೆಂಡಿನಲ್ಲಿ ಬ್ಲ್ಯಾಕ್‌ಪೂಲ್ ಅಂತ ಕಡಲತೀರದ ಊರಿದೆ. ಅಲ್ಲಿಯ ವಿಂಟರ್ ಗಾರ್ಡನ್ಸ್‌ನಲ್ಲಿ 1920ರಲ್ಲಿ ಶುರುವಾದ ಡ್ಯಾನ್ಸ್ ಉತ್ಸವ ನಮ್ಮ ಮಂದಿಗೆ ದೊಡ್ಡ ಜಾತ್ರೆ ಇದ್ದ ಹಾಗೆ. ಅಲ್ಲಿ ಕೊನೆಯ ಸುತ್ತಿಗೆ ಬರುವ ಜೋಡಿಗಳು ಸಾಮಾನ್ಯವಾಗಿ ಆರೇಳು ವರ್ಷದ ಮಕ್ಕಳಾಗಿದ್ದಾಗಲೇ ಶುರು ಮಾಡಿದವರು. ಸುಮ್ನೆ ಒಂದು ಲೆಕ್ಕ ಹಾಕಿ. ಏಳನೇ ವಯಸ್ಸಿನಲ್ಲಿ ಸೇರಿದ ಹುಡುಗಿ ವಾರಕ್ಕೆ ಹತ್ತು ಗಂಟೆ ಕುಣಿದರೆ ವರ್ಷಕ್ಕೆ 520 ಗಂಟೆ. 21ಕ್ಕೆ ಬರುವಷ್ಟರಲ್ಲಿ ಏಳು ಸಾವಿರ ಗಂಟೆ ದಾಟಿರುತ್ತದೆ. ನೀವು ಭಾನುವಾರದ ಎರಡು ಗಂಟೆಯಲ್ಲಿ ಅಷ್ಟನ್ನು ಕೂಡಿಸಲು ಎಪ್ಪತ್ತು ವರ್ಷ ಬೇಕು. ವಾರಕ್ಕೆ ಇಪ್ಪತ್ತು ಗಂಟೆ ಹಾಕಿದರೆ ಏಳು ವರ್ಷ. ಆಗ ನಿಮಗೆ 34. ಆ ಹುಡುಗಿ ಅಷ್ಟು ಹೊತ್ತಿಗೆ ಇನ್ನೂ ಏಳು ವರ್ಷ ಮುಂದೆ ಹೋಗಿರುತ್ತಾಳೆ. ಟ್ಯಾಲೆಂಟ್ ಇದ್ದವರು ಸ್ವಲ್ಪ ಅಡ್ಡದಾರಿ ಹಿಡಿಯಬಹುದು, ನಿಜ. ಆದರೆ ಆ ಹುಡುಗಿಗೂ ಟ್ಯಾಲೆಂಟ್ ಇರುತ್ತದಲ್ಲ.

ತಡವಾಗಿ ಬಂದು ಗೆದ್ದವರೇ ಇಲ್ಲವಾ ಅಂದರೆ, ಇದ್ದಾರೆ. ಅದರಲ್ಲಿ ದೊಡ್ಡ ಹೆಸರು ವಿಕ್ಟರ್ ಸಿಲ್ವೆಸ್ಟರ್. 1900ರಲ್ಲಿ ಹುಟ್ಟಿದವರು. ಮೊದಲ ಮಹಾಯುದ್ಧ ಮುಗಿದ ಮೇಲೆ ಲಂಡನ್ನಿನ ಟೀ ಡ್ಯಾನ್ಸ್‌ಗಳಲ್ಲಿ ಜೊತೆಗಾರನಾಗಿ ಕುಣಿಯುವ ಕೆಲಸ ಹಿಡಿದರು. 1922ರಲ್ಲಿ ಫಿಲಿಸ್ ಕ್ಲಾರ್ಕ್ ಜೊತೆ ವಿಶ್ವ ಚಾಂಪಿಯನ್ ಆದರು. ಮೂರ್ನಾಲ್ಕು ವರ್ಷದಲ್ಲಿ! ಈ ಕಥೆಯನ್ನು ತಡವಾಗಿ ಬಂದ ಪ್ರತಿಯೊಬ್ಬರಿಗೂ ಯಾರೋ ಒಬ್ಬರು ಹೇಳಿರುತ್ತಾರೆ, ನನಗೂ ಹೇಳಿದ್ದರು. ಆದರೆ ಆ ಕಾಲದಲ್ಲಿ ಈ ಶೈಲಿಯೇ ಎಳೆಗೂಸು. ಎಲ್ಲರೂ ತಡವಾಗಿ ಬಂದವರೇ. ಇವತ್ತು ಹಾಗಿಲ್ಲ.

ಒಂದು ಸಮಾಧಾನ ಇದೆ. ಬಾಲ್‌ರೂಂನಲ್ಲಿ ಎರಡು ಮನೆ. ವಾಲ್ಟ್ಸ್, ಟ್ಯಾಂಗೋ, ವಿಯೆನ್ನೀಸ್ ವಾಲ್ಟ್ಸ್, ಸ್ಲೋ ಫಾಕ್ಸ್‌ಟ್ರಾಟ್, ಕ್ವಿಕ್‌ಸ್ಟೆಪ್ ಐದೂ ಸ್ಟ್ಯಾಂಡರ್ಡ್. ಸಾಂಬಾ, ಚಾ-ಚಾ-ಚಾ, ರುಂಬಾ, ಪಾಸೋ ಡೋಬ್ಲೆ, ಜೈವ್ ಐದೂ ಲ್ಯಾಟಿನ್. ಲ್ಯಾಟಿನ್ ಹರೆಯ ಕೇಳುತ್ತದೆ. ಸ್ಟ್ಯಾಂಡರ್ಡ್ ವಯಸ್ಸನ್ನು ಸ್ವಲ್ಪ ಕ್ಷಮಿಸುತ್ತದೆ. ಅರೂನಾಸ್ ಬಿಜೋಕಾಸ್ ಮತ್ತು ಕಾಟ್ಯೂಷಾ ಡೆಮಿಡೋವಾ ಜೋಡಿ ಮೂವತ್ತೈದು ದಾಟಿದ ಮೇಲೂ ವಿಶ್ವ ಚಾಂಪಿಯನ್ ಪಟ್ಟ ಇಟ್ಟುಕೊಂಡಿತ್ತು. ಅವರ ವಿಡಿಯೋ ಹಾಕಿ ನೋಡಿ. ಹಾರಾಟ ಇಲ್ಲ, ಎಗರಾಟ ಇಲ್ಲ. ಇಬ್ಬರು ಒಂದೇ ಉಸಿರಿನಲ್ಲಿ ನಡೆದ ಹಾಗಿರುತ್ತದೆ. ನಿಮಗೆ ಚಾ-ಚಾ-ಚಾ ಜಾಸ್ತಿ ಖುಷಿ ಕೊಡುತ್ತಿರಬಹುದು. ಆದರೂ ನಿಮ್ಮ ಬಲವನ್ನೆಲ್ಲ ಸ್ಟ್ಯಾಂಡರ್ಡ್ ಮೇಲೆ ಹಾಕಿ ಅಂತಲೇ ಹೇಳುತ್ತೇನೆ.

ಇನ್ನು ನಿಮ್ಮ ಭರತನಾಟ್ಯ. ಅದು ವರವೂ ಹೌದು, ಕಾಟವೂ ಹೌದು. ನಿಮ್ಮ ಮೇಷ್ಟ್ರು ಬೆರಗಾದದ್ದು ಅದರಿಂದಲೇ ಅಂತ ನನ್ನ ಅನುಮಾನ. ವಾಲ್ಟ್ಸ್ ಮೂರರ ಲೆಕ್ಕ, ನಿಮಗೆ ಅದು ತಿಶ್ರ. ಮೂರು ಏಟು ಸೇರಿದರೆ ಒಂದು ಬಾರ್. ಸ್ಪರ್ಧೆಯಲ್ಲಿ ನಿಮಿಷಕ್ಕೆ 28ರಿಂದ 30 ಬಾರ್ ನುಡಿಸುತ್ತಾರೆ, ಅಂದರೆ 84ರಿಂದ 90 ಏಟು. ಎಂಟು ವರ್ಷ ತಟ್ಟುಕೋಲಿನ ಸದ್ದಿಗೆ ಅಡವು ಹಾಕಿದ ಕಾಲಿಗೆ ಅದು ಮನೆಯ ಅಂಗಳ. ಚಾ-ಚಾ-ಚಾ ಎರಡನೇ ಏಟಿನಲ್ಲಿ ಶುರು ಅಂದರೆ ಬೇರೆಯವರು ತಿಂಗಳುಗಟ್ಟಲೆ ತಡಬಡಾಯಿಸುತ್ತಾರೆ. ಅನಾಗತ ಎಡುಪು, ಅಂದರೆ ತಾಳ ಶುರುವಾದ ಮೇಲೆ ಹಾಡು ಎತ್ತುವುದನ್ನು, ಕೇಳಿ ಬೆಳೆದವರಿಗೆ ಅದೇನು ಮಹಾ? ತೊಡೆಯಲ್ಲಿ ಬಲ ಇದೆ, ಹೇಳಿದ್ದನ್ನು ನೆನಪಿಡುವ ಅಭ್ಯಾಸ ಇದೆ. ಎಂಟು ತಿಂಗಳಿಗೆ ನೀವು ಎರಡು ವರ್ಷ ಕಲಿತವರ ಹಾಗೆ ಕಾಣುತ್ತೀರಿ.

ಕಾಟ ಎಲ್ಲಿ ಅಂದರೆ, ಪಾದದಲ್ಲಿ. ಅಲ್ಲಿ ನೀವು ಅರಮಂಡಿಯಲ್ಲಿ ಕೂತು ನೆಲವನ್ನು ತಟ್ಟುತ್ತೀರಿ. ಇಲ್ಲಿ ಪಾದ ನೆಲವನ್ನು ಸವರಿಕೊಂಡು ಹೋಗಬೇಕು. ಮುಂದೆ ಹೋಗುವಾಗ ಹಿಮ್ಮಡಿ ಮೊದಲು, ಹಿಂದೆ ಹೋಗುವಾಗ ಬೆರಳು ಮೊದಲು. ಸ್ಟ್ಯಾಂಡರ್ಡ್‌ನಲ್ಲಿ ಹೆಂಗಸರಿಗೆ ಹಿಂದಿನ ನಡಿಗೆಯೇ ಜಾಸ್ತಿ. ಅದಕ್ಕೇ ನಾನು ಹೊಸಬರ ಮುಖವನ್ನೂ ನೋಡುವುದಿಲ್ಲ, ಕೈಯನ್ನೂ ನೋಡುವುದಿಲ್ಲ. ಹಾಲಿನ ಈ ತುದಿಯಿಂದ ಆ ತುದಿಗೆ ಹಿಂದೆ ಹಿಂದೆ ನಡೆಯಿರಿ ಅನ್ನುತ್ತೇನೆ, ಅಷ್ಟೇ.

ಫಾಕ್ಸ್‌ಟ್ರಾಟ್ ಶುರುವಾಗಿದೆ ಅಂದಿರಲ್ಲ, ರಿವರ್ಸ್ ಟರ್ನ್‌ಗೆ ಬಂದಾಗ ಗಮನಿಸಿ. ನಿಮ್ಮ ಬಲಗಾಲು ಹಿಂದಕ್ಕೆ ಹೋಗುತ್ತದೆ. ಎಡಗಾಲನ್ನು ನೆಲಕ್ಕೆ ತಾಗಿಸಿಕೊಂಡೇ ಎಳೆದು ಪಕ್ಕಕ್ಕೆ ಸೇರಿಸಬೇಕು. ಸೇರಿಸುತ್ತಾ ಬಲ ಹಿಮ್ಮಡಿಯ ಮೇಲೆ ಇಡೀ ದೇಹ ತಿರುಗಬೇಕು. ತಿರುಗಿ ಮುಗಿಯುವ ಹೊತ್ತಿಗೆ ಭಾರ ಸದ್ದಿಲ್ಲದೆ ಎಡಗಾಲಿಗೆ ಬಂದಿರಬೇಕು. ಇದಕ್ಕೆ ಹೀಲ್ ಟರ್ನ್ ಅಂತಾರೆ. ನೋಡುವವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಎದುರಿನವನು ಸ್ವಲ್ಪ ಅವಸರ ಮಾಡಿದರೂ ನೀವು ಹಿಂದಕ್ಕೆ ವಾಲುತ್ತೀರಿ, ವಾಲಿದ ತಕ್ಷಣ ಅವನ ತೋಳು ಹಿಡಿದುಕೊಳ್ಳುತ್ತೀರಿ. ಹಿಡಿದುಕೊಂಡರೆ ಕೆಟ್ಟಿತು. ಭರತನಾಟ್ಯದವರು ಇಲ್ಲಿ ಮಂಡಿ ಬಗ್ಗಿಸಿ ಪಾದವನ್ನು ಟಪ್ ಅಂತ ಇಟ್ಟುಬಿಡುತ್ತಾರೆ. ನನ್ನ ಹತ್ತಿರ ಕಲಿತ, ವಿದ್ವತ್ ಮುಗಿಸಿದ್ದ ಒಬ್ಬರಿಗೆ ಆ 'ಟಪ್' ಹೋಗಿಸಲು ಒಂದು ವರ್ಷ ಹಿಡಿಯಿತು. ನಿಮ್ಮ ಟ್ಯಾಲೆಂಟನ್ನು ನಾನು ಅಳೆಯುವುದು ಇಲ್ಲಿ. ಎಷ್ಟು ಬೇಗ ಕಲಿತಿರಿ ಅನ್ನುವುದು ನನಗೆ ಮುಖ್ಯವಲ್ಲ. ಹಳೆಯದನ್ನು ಎಷ್ಟು ಬೇಗ ಬಿಟ್ಟಿರಿ ಅನ್ನುವುದನ್ನು ನೋಡುತ್ತೇನೆ. ಈ ಭಾನುವಾರ ತಿದ್ದಿದ್ದು ಮುಂದಿನ ಭಾನುವಾರವೂ ಕಾಲಿನಲ್ಲಿ ಉಳಿದಿದೆಯಾ? ಮೇಷ್ಟ್ರನ್ನು ಇದೊಂದನ್ನೇ ಕೇಳಿ. ಹೊಗಳಿಕೆ ಬೇಡ.

ದಿಕ್ಕಿನ ವಿಷಯವೂ ಇದೆ. ಬೇಲೂರಿನ ಮದನಿಕೆಯರಿರಲಿ, ನಿಮ್ಮ ಭರತನಾಟ್ಯ ಇರಲಿ, ನೋಡುವವರಿಗೆ ಮುಖ ಕೊಟ್ಟು ನಿಲ್ಲುತ್ತವೆ. ಇಲ್ಲಿ ಸುತ್ತಲೂ ಜನ, ಜೋಡಿಗಳೆಲ್ಲ ಹಾಲನ್ನು ಗಡಿಯಾರಕ್ಕೆ ಉಲ್ಟಾ ಸುತ್ತುತ್ತವೆ. ನನ್ನ ಕ್ಲಾಸಿನಲ್ಲಿ ಒಬ್ಬ ರಿಟೈರ್ಡ್ ಟೀಚರಮ್ಮ ಮೊದಲ ದಿನವೇ ನಿಂತುಬಿಟ್ಟರು. 'ಇದು ಅಪ್ರದಕ್ಷಿಣೆ ಅಲ್ವಾ ಸಾರ್, ಒಳ್ಳೆಯದಲ್ಲ' ಅಂದರು. ಅವರಿಗೆ ಉತ್ತರ ಹೇಳಲು ನನಗೆ ಇನ್ನೂ ಆಗಿಲ್ಲ. ಈಗ ಅವರೇ ಎಲ್ಲರಿಗಿಂತ ಚೆನ್ನಾಗಿ ಸುತ್ತುತ್ತಾರೆ.

ಈಗ ನೀವು ಕೇಳದೇ ಇದ್ದ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಕಾಗದದಲ್ಲಿ ವಯಸ್ಸಿದೆ, ಕೆಲಸ ಇದೆ, ಅಮ್ಮ ಇದ್ದಾರೆ, ಟೈಲ್ಸ್ ಕೂಡ ಇದೆ. ನಿಮ್ಮ ಜೊತೆ ಯಾರು ಕುಣಿಯುತ್ತಾರೆ ಅನ್ನುವುದು ಮಾತ್ರ ಇಲ್ಲ. ಮೇಷ್ಟ್ರ ಜೊತೆ ಕುಣಿಯುತ್ತೀರಿ ಅಂತ ಕಾಣುತ್ತದೆ. ಮೇಷ್ಟ್ರ ಜೊತೆ ಯಾರು ಬೇಕಾದರೂ ಚೆನ್ನಾಗಿ ಕುಣಿಯಬಹುದು. ತಪ್ಪನ್ನು ಅವರೇ ನುಂಗಿಕೊಳ್ಳುತ್ತಾರೆ.

ತಡವಾಗಿ ಬಂದವರನ್ನು ವಯಸ್ಸು ಸೋಲಿಸಿದ್ದಕ್ಕಿಂತ ಜೋಡಿ ಸಿಗದೆ ಸೋತವರನ್ನೇ ನಾನು ಜಾಸ್ತಿ ನೋಡಿದ್ದೇನೆ. ನನ್ನದನ್ನೇ ಹೇಳುತ್ತೇನೆ. 26ನೇ ವಯಸ್ಸಿನಲ್ಲಿ ಒಬ್ಬ ಜೊತೆಗಾತಿ ಸಿಕ್ಕಳು. ವಾರಕ್ಕೆ ಐದು ದಿನ, ಬೆಳಗ್ಗೆ ಐದೂವರೆಗೆ ಒಂದು ಶಾಲೆಯ ಪ್ರಾರ್ಥನಾ ಹಾಲಿನಲ್ಲಿ ಪ್ರಾಕ್ಟೀಸ್. ವಾಚ್‌ಮನ್ ಬೀಗ ತೆಗೆಯುವವರೆಗೆ ಮೆಟ್ಟಿಲ ಮೇಲೆ ಕೂತು ಶೂ ಉಜ್ಜುತ್ತಿದ್ದೆವು. ಮೂರು ವರ್ಷ ಹೀಗೆ ನಡೆಯಿತು. ಹೊರದೇಶದ ಒಂದು ಸ್ಪರ್ಧೆಗೆ ಹೆಸರು ಕೊಟ್ಟೆವು. ಎರಡು ತಿಂಗಳಿರುವಾಗ ಅವಳ ಮದುವೆ ಗೊತ್ತಾಯಿತು, ಹುಡುಗ ಮೆಲ್ಬರ್ನ್‌ನಲ್ಲಿ. ತಪ್ಪು ಅವಳದಲ್ಲ, ಮದುವೆಗೆ ಹೋಗಿ ಊಟ ಮಾಡಿ ಬಂದೆ. ಇನ್ನೊಬ್ಬರು ಸಿಗಲು ಹದಿನಾಲ್ಕು ತಿಂಗಳಾಯಿತು. ಸಿಕ್ಕವರ ಹೆಜ್ಜೆ ಮೊದಲಿನವಳಿಗಿಂತ ಒಂದು ಗೇಣು ಚಿಕ್ಕದು. ಒಂದು ಗೇಣು ಅಂದರೆ ಎಲ್ಲವೂ ಬೇರೆ. ಪ್ರತಿ ತಿರುವಿನಲ್ಲೂ ನಾನು ಅವರನ್ನು ದಾಟಿ ಹೋಗುತ್ತಿದ್ದೆ. ಮತ್ತೆ ನೇರ ನಡಿಗೆಯಿಂದ ಶುರು. ಅಷ್ಟರಲ್ಲಿ 31 ಆಯಿತು, ಸ್ಪರ್ಧೆಯ ಆಸೆ ಅಲ್ಲಿಗೆ ನಿಂತಿತು. ಕಾಲು ಸೋತಿರಲಿಲ್ಲ.

ಹೆಂಗಸರಿಗೆ ಇದು ಇನ್ನೂ ಕಷ್ಟ. ನಾನು ಕಲಿಸಿದ ಕ್ಲಾಸುಗಳಲ್ಲೆಲ್ಲ ಹುಡುಗಿಯರು ಜಾಸ್ತಿ, ಹುಡುಗರು ಕಮ್ಮಿ. ಒಳ್ಳೆಯ ಹುಡುಗನಿಗೆ ಆರಿಸಿಕೊಳ್ಳುವ ಭಾಗ್ಯ. ಎತ್ತರ ಹೊಂದಬೇಕು, ಕಾಲಿನ ಉದ್ದ ಹೊಂದಬೇಕು, ಬಿಡುವು ಹೊಂದಬೇಕು, ಹಟವೂ ಒಂದೇ ಅಳತೆಯದಿರಬೇಕು. ಮದುವೆಗೆ ಜಾತಕ ನೋಡುವುದು ಇದಕ್ಕಿಂತ ಸುಲಭ. ಹಾಸನದಲ್ಲಿ ಕೂತು ಬೆಂಗಳೂರಿನ ಜೋಡಿ ಜೊತೆ ವಾರಕ್ಕೆ ನಾಲ್ಕು ದಿನ ಪ್ರಾಕ್ಟೀಸ್ ಮಾಡಲು ಆಗುವುದಿಲ್ಲ. ರೈಲಿನಲ್ಲೇ ಹೋಗಿ ಬರಲು ಆರೇಳು ಗಂಟೆ ಬೇಕು. ಹಾಸನಾಂಬೆ ಬಾಗಿಲು ತೆರೆದ ದಿನಗಳಲ್ಲಂತೂ ಸೀಟಿನ ಮಾತೇ ಬೇಡ. ಇದಕ್ಕಾಗಿ ಬೆಂಗಳೂರು ಸೇರುತ್ತೀರಿ ಅಂದರೆ ಅರ್ಥ ಇದೆ. ಆದರೆ ಜೋಡಿ ಸಿಕ್ಕಿ, ಆರು ತಿಂಗಳು ಒಟ್ಟಿಗೆ ಕುಣಿದು, ಜಗಳ ಆಡಿ, ಮತ್ತೆ ಮಾತಾಡಿಸಿಕೊಂಡ ಮೇಲೆ ಸೇರಿ. ಮೊದಲು ಊರು ಬದಲಿಸಿ ಆಮೇಲೆ ಜೋಡಿ ಹುಡುಕುವುದು ಬೇಡ.

ಪ್ರೋ-ಆಮ್ ಅಂತ ಒಂದು ದಾರಿ ತೋರಿಸುತ್ತಾರೆ. ಕಲಿಯುವವರು ತಮ್ಮ ಮೇಷ್ಟ್ರಿಗೇ ದುಡ್ಡು ಕೊಟ್ಟು ಅವರ ಜೊತೆ ಸ್ಪರ್ಧೆಗೆ ಇಳಿಯುವುದು. ಅಮೆರಿಕದಲ್ಲಿ ಇದು ದೊಡ್ಡ ವ್ಯವಹಾರ, ಅಲ್ಲಿ ಎಷ್ಟೋ ಮೇಷ್ಟ್ರುಗಳ ಜೀವನ ನಡೆಯುವುದೇ ಇದರಿಂದ. ಪ್ರವೇಶ ಶುಲ್ಕ, ಮೇಷ್ಟ್ರ ಪ್ರಯಾಣ, ಅವರ ದಿನದ ಫೀಸು ಎಲ್ಲ ನಿಮ್ಮದೇ. ಬ್ಯಾಂಕ್ ಸಂಬಳದಲ್ಲಿ ಆಸೆಗೆ ಒಂದು ಸಲ ಮಾಡಬಹುದು, ತಪ್ಪಿಲ್ಲ. ಆದರೆ ಅಲ್ಲಿ ಪ್ರೊಫೆಷನಲ್ ನಿಮ್ಮ ಮೇಷ್ಟ್ರು, ನೀವಲ್ಲ.

ಹಾಗಾದರೆ ಎರಡನೆಯದು, ಹೊಟ್ಟೆಪಾಡು. ಇದಕ್ಕೆ 27 ಏನೂ ತಡವಲ್ಲ. ನಿಜ ಹೇಳಬೇಕೆಂದರೆ ಏಳು ವರ್ಷಕ್ಕೆ ಕಲಿತವರಿಗಿಂತ ದೊಡ್ಡವರಾದ ಮೇಲೆ ಕಲಿತವರು ಒಳ್ಳೆಯ ಮೇಷ್ಟ್ರಾಗುತ್ತಾರೆ. ಚಿಕ್ಕಂದಿನಲ್ಲಿ ಕಲಿತವರಿಗೆ 'ಹೀಗೆ ಮಾಡಿ' ಅಂತ ತೋರಿಸಲು ಬರುತ್ತದೆ, ಯಾಕೆ ಬರುತ್ತಿಲ್ಲ ಅಂತ ಹೇಳಲು ಬರುವುದಿಲ್ಲ. ನಮಗೆ ಪ್ರತಿ ಹೆಜ್ಜೆಯೂ ಒದ್ದಾಡಿ ಬಂದದ್ದು, ನೆನಪಿರುತ್ತದೆ.

ಲಂಡನ್ನಿನ ಇಂಪೀರಿಯಲ್ ಸೊಸೈಟಿ ಆಫ್ ಟೀಚರ್ಸ್ ಆಫ್ ಡ್ಯಾನ್ಸಿಂಗ್ 1904ರಿಂದ ಇದೆ. ಅದರ ಮೇಷ್ಟ್ರುಗಳ ಪರೀಕ್ಷೆಗೆ ಅಸೋಸಿಯೇಟ್, ಲೈಸೆನ್ಶಿಯೇಟ್, ಫೆಲೋ ಅಂತ ಮೆಟ್ಟಿಲುಗಳಿವೆ. ಅಲ್ಲಿ ಕುಣಿದು ತೋರಿಸಿದರೆ ಸಾಲದು. ಗಂಡಿನ ಹೆಜ್ಜೆ, ಹೆಣ್ಣಿನ ಹೆಜ್ಜೆ ಎರಡೂ ಗೊತ್ತಿರಬೇಕು. ಎಷ್ಟು ತಿರುಗಿದಿರಿ, ಯಾವ ಏಟಿನಲ್ಲಿ ಮೇಲೇರಿದಿರಿ, ಪಾದದ ಯಾವ ಭಾಗ ನೆಲ ಮುಟ್ಟಿತು ಅಂತ ಬಾಯಲ್ಲಿ ಹೇಳಬೇಕು. ಬ್ಯಾಂಕಿನ ಪರೀಕ್ಷೆ ಬರೆದವರಿಗೆ ಇದು ಹೆದರುವಂಥದ್ದಲ್ಲ. ನಾಳೆಯಿಂದಲೇ ಗಂಡಿನ ಹೆಜ್ಜೆ ಕಲಿಯಿರಿ. ಗಂಡಿನ ಹಾಗೆ ಜೋಡಿಯನ್ನು ನಡೆಸಿಕೊಂಡು ಹೋಗುವುದನ್ನೂ ಬಲ್ಲ ಹೆಂಗಸಿಗೆ ನಮ್ಮ ಕಡೆ ಬೇಡಿಕೆ ಇದೆ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಕ್ಲಾಸಿಗೆ ಕಳಿಸುವುದೇ ಕಲಿಸುವವರು ಹೆಂಗಸು ಅಂದಾಗ. ನಿಮಗೆ ಜೋಡಿ ಸಿಗುವವರೆಗೆ ಸಮಯವೂ ವ್ಯರ್ಥವಾಗುವುದಿಲ್ಲ.

ಹಣದ ವಿಷಯ ಮುಚ್ಚಿಡದೆ ಹೇಳುತ್ತೇನೆ. ಫಾಕ್ಸ್‌ಟ್ರಾಟ್ ಒಂದರಿಂದ ನಾನು ಒಂದು ತಿಂಗಳ ಬಾಡಿಗೆಯನ್ನೂ ಕಟ್ಟಿಲ್ಲ. ಬಾಡಿಗೆ ಕಟ್ಟಿದ್ದು ರಿಸೆಪ್ಷನ್ ಜೋಡಿಗಳು. ಮದುವೆಗೆ ಹತ್ತು ದಿನ ಇರುವಾಗ ಫೋನ್ ಬರುತ್ತದೆ. ಹೋದ ವೈಶಾಖದಲ್ಲಿ ಅರಕಲಗೂಡಿನ ಕಡೆಯ ಹುಡುಗನೊಬ್ಬ ಬಂದಿದ್ದ. ಅಡಿಕೆ ಮೂಟೆ ಎತ್ತುವ ಹಾಗೆ ಹುಡುಗಿಯನ್ನು ಹಿಡಿದುಕೊಂಡಿದ್ದ, ಹಲ್ಲು ಕಚ್ಚಿಕೊಂಡು ಒಂದ್-ಎರಡ್-ಮೂರ್ ಎಣಿಸುತ್ತಿದ್ದ. ಮೂರನೇ ಕ್ಲಾಸಿಗೆ ಎಣಿಸುವುದು ಮರೆತ, ಹುಡುಗಿ ನಕ್ಕಳು. ಅಷ್ಟಕ್ಕೇ ಅವರಪ್ಪ ಹೇಳಿದ್ದಕ್ಕಿಂತ ಜಾಸ್ತಿ ಕೊಟ್ಟು ಹೋದರು. ಇದರ ಜೊತೆ ಬೇಸಿಗೆ ಶಿಬಿರ, ಪ್ಲಾಂಟರ್‌ಗಳ ಕ್ಲಬ್ಬಿನ ಹೊಸ ವರ್ಷದ ಪಾರ್ಟಿ, ಬೆಳಗ್ಗೆ ಹೆಂಗಸರಿಗೆ ಜುಂಬಾ. ಬೆಂಗಳೂರಿನಲ್ಲಾದರೆ ಸಾಲ್ಸಾ, ಬಚಾಟಾಗೆ ಜನ ಜಾಸ್ತಿ, ಸ್ಟ್ಯಾಂಡರ್ಡ್ ಕೇಳಿಕೊಂಡು ಬರುವವರು ಕಮ್ಮಿ. ಸರ್ಕಾರದ ಕಡೆಯಿಂದ ಏನಾದರೂ ಬಂದೀತು ಅಂತ ಕಾಯಬೇಡಿ. ಈ ಆಟದ ಅಂತರರಾಷ್ಟ್ರೀಯ ಒಕ್ಕೂಟಕ್ಕೆ ಒಲಿಂಪಿಕ್ ಸಮಿತಿ 1997ರಲ್ಲೇ ಮಾನ್ಯತೆ ಕೊಟ್ಟಿದೆ, ಆದರೂ 2024ರ ಪ್ಯಾರಿಸ್‌ ಒಲಿಂಪಿಕ್ಸ್‌ಗೆ ಹೋದದ್ದು ಬ್ರೇಕಿಂಗ್, ಅಂದರೆ ಬ್ರೇಕ್ ಡ್ಯಾನ್ಸ್, ಒಂದೇ. ವಾಲ್ಟ್ಸ್ ಅಲ್ಲ.

ಆದ್ದರಿಂದ ಕೆಲಸ ಈಗಲೇ ಬಿಡಬೇಡಿ. ಎರಡು ವರ್ಷ ಹೀಗೇ ನಡೆಸಿ. ಭಾನುವಾರದ ಕ್ಲಾಸಿನ ಜೊತೆ ದಿನಾ ಒಂದು ಗಂಟೆ ಒಬ್ಬರೇ ನಡಿಗೆ, ಹೀಲ್ ಟರ್ನ್, ನಿಲುವು. ಬ್ರಾಂಜ್, ಸಿಲ್ವರ್ ಮೆಡಲ್ ಪರೀಕ್ಷೆಗಳನ್ನು ಕೊಟ್ಟುನೋಡಿ. ಬೆಂಗಳೂರಿನ ಯಾವುದಾದರೂ ಸ್ಟುಡಿಯೋ 'ಬನ್ನಿ, ಇನ್‌ಸ್ಟ್ರಕ್ಟರ್ ಮಾಡುತ್ತೇವೆ' ಅಂದರೆ ಕಾಗದವನ್ನು ಎರಡು ಸಲ ಓದಿ. ನಾನು ಓದಲಿಲ್ಲ. ಒಂದು ಕಡೆ ಮೂರು ವರ್ಷದ ಬಾಂಡ್‌ಗೆ ಸಹಿ ಹಾಕಿ, ಮೊದಲ ವರ್ಷ ಸಂಬಳವಿಲ್ಲದೆ ಕನ್ನಡಿ ಒರೆಸಿದೆ. ಬಿಟ್ಟು ಹೋಗಲು ಕೊನೆಗೆ ನಾನೇ ದುಡ್ಡು ಕಟ್ಟಿದೆ. ಬ್ಯಾಂಕಿನವರಿಗೆ ಕರಾರು ಓದುವುದನ್ನು ನಾನು ಹೇಳಿಕೊಡಬೇಕಾ?

ಅಮ್ಮನ ವಿಷಯ. ಯಾಕೆ ಇಷ್ಟವಿಲ್ಲ ಅಂತ ನೀವು ಬರೆದಿಲ್ಲ, ಬರೆಯಬೇಕಾಗಿಯೂ ಇಲ್ಲ. ಪರಗಂಡಸಿನ ಕೈ ಹಿಡಿದು ಕುಣಿಯುವುದು ಅನ್ನುವ ಮಾತು ನಮ್ಮ ಮನೆಯಲ್ಲೂ ಬಂದಿತ್ತು, ತಂಗಿ ನನ್ನ ಜೊತೆ ಕಲಿಯಲು ಬಂದಾಗ. ವಾದ ಮಾಡಿ ಪ್ರಯೋಜನವಿಲ್ಲ. ಒಂದು ಭಾನುವಾರ ಅಮ್ಮನನ್ನು ಕರೆದುಕೊಂಡು ಹೋಗಿ ಕ್ಲಾಸಿನ ಮೂಲೆಯ ಕುರ್ಚಿಯಲ್ಲಿ ಕೂರಿಸಿ. ಒಂದೇ ಹೆಜ್ಜೆಯನ್ನು ನಲವತ್ತು ಸಲ ಮಾಡಿ, ಬೆವರು ಒರೆಸಿಕೊಂಡು ಮತ್ತೆ ಮಾಡುವುದನ್ನು ನೋಡಿದರೆ ಅವರಿಗೆ ಬೇಜಾರಾಗಿ ನಿದ್ದೆ ಬರುತ್ತದೆ. ನಮ್ಮಮ್ಮನಿಗೆ ಬಂತು. ವಾಪಸ್ ಬರುವಾಗ 'ಪಾಪ, ಕಷ್ಟ ಪಡ್ತೀರ' ಅಂದಳು, ಮತ್ತೆ ಆ ಮಾತು ಎತ್ತಲಿಲ್ಲ.

ಕೊನೆಗೆ ಟೈಲ್ಸ್. ಮಾಡಬಹುದು, ಆದರೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಆದರೆ ಹುಷಾರು. ಡ್ಯಾನ್ಸ್ ಶೂಗೆ ಅಡಿಯಲ್ಲಿ ಸ್ವೇಡ್ ಚರ್ಮ ಇರುತ್ತದೆ. ಅದಕ್ಕೆ ಧೂಳು ಕೂತರೆ ಜಾರುತ್ತದೆ. ತಂತಿಯ ಬ್ರಷ್‌ನಲ್ಲಿ ಆಗಾಗ ಕೆದರಿ. ಆದರೂ ಜಾರಿದರೆ ಅಡಿಗೆ ಹರಳೆಣ್ಣೆ ಒಂದೆರಡು ಹನಿ ಸವರಿ ಒರೆಸಿ, ಹಿಡಿತ ಬರುತ್ತದೆ. ಲ್ಯಾಟಿನ್‌ನವರು ದೊಡ್ಡ ಸ್ಪರ್ಧೆಗಳಲ್ಲೂ ಇದನ್ನೇ ಮಾಡುತ್ತಾರೆ, ಅಜ್ಜಿ ಔಷಧಿ ಅಂತ ನಗಬೇಡಿ. ಮಾಡಿದ ಮೇಲೆ ನೆಲ ಒರೆಸಿಬಿಡಿ, ಇಲ್ಲದಿದ್ದರೆ ಅಮ್ಮನಿಗೆ ಇನ್ನೊಂದು ಕಾರಣ ಸಿಗುತ್ತದೆ. ನೆಂಟರಿಷ್ಟರ ಹಳೆಯ ಮನೆಯಲ್ಲಿ ರೆಡ್ ಆಕ್ಸೈಡ್ ನೆಲದ ಪಡಸಾಲೆ ಇದ್ದರೆ ಕೇಳಿಕೊಳ್ಳಿ, ಹೀಲ್ ಟರ್ನ್‌ಗೆ ಅದರಷ್ಟು ಒಳ್ಳೆಯ ನೆಲ ನಮ್ಮ ಕಡೆ ಇಲ್ಲ. ಕಾಫಿ ಕಣದ ಸಿಮೆಂಟಿನ ಮೇಲೆ ಮಾತ್ರ ಬೇಡ. ನನ್ನ ಮೊದಲ ಜೋಡಿ ಶೂ ಅಲ್ಲೇ ಒಂದು ವಾರದಲ್ಲಿ ಸವೆದು ಹೋಯಿತು.